ಮಳೆಯ ಲೆಕ್ಕ: ಉಗ್ರಾಣದಿಂದ ಹಿತ್ತಿಲಿಗೆ

'ಬೆಂಗಳೂರಿನಲ್ಲಿ ನಿನ್ನೆ ಭಾರಿ ಮಳೆ' ಎಂಬ ಸುದ್ದಿಯನ್ನು ಓದಿ, 'ನಮ್ಮ ಕಡೆ ನೆಲವೂ ನೆನೆಯಲಿಲ್ಲವಲ್ಲ' ಎಂದು ಚಿಕ್ಕಜಾಲದ ಕಡೆಯವರು ಹೇಳುವುದು ಅಪರೂಪವೇನಲ್ಲ. ಹಾಗೆಯೇ ನಗರದ ನಡುಭಾಗದವರು ಬಿಸಿಲು ಕಾಯಿಸುತ್ತಿರುವಾಗ ಬಳ್ಳಾರಿ ರಸ್ತೆಯುದ್ದಕ್ಕೂ ನೀರು ನಿಂತು, ವಿಮಾನ ನಿಲ್ದಾಣಕ್ಕೆ ಹೊರಟವರು ದಾರಿಯಲ್ಲೇ ಸಿಕ್ಕಿಬೀಳುವುದೂ ಉಂಟು. ಎರಡೂ ಮಾತು ನಿಜ. ಬೆಂಗಳೂರು ನಗರದ ಅಧಿಕೃತ ಮಳೆಯ ಲೆಕ್ಕ ಬರುವುದು ಅರಮನೆ ರಸ್ತೆಯ ಹವಾಮಾನ ವೀಕ್ಷಣಾಲಯದಿಂದ. ಅಲ್ಲಿಂದ ಚಿಕ್ಕಜಾಲ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಮೋಡ ಹಲವು ವೇಳೆ ಕೆಲವೇ ಕಿಲೋಮೀಟರ್ ಅಗಲದ್ದು. ಅದು ಹೆಬ್ಬಾಳದಲ್ಲಿ ಸುರಿದು ಯಲಹಂಕವನ್ನು ಮುಟ್ಟದೆಯೇ ಮುಗಿದುಹೋಗಬಹುದು.

ಈ ಅಂತರವನ್ನು ತುಂಬುವ ಕೆಲಸಕ್ಕೆ ಈಗ ಸಾಮಾನ್ಯ ನಾಗರಿಕರೇ ಕೈಹಾಕುತ್ತಿದ್ದಾರೆ. ಮನೆಯ ಹಿತ್ತಿಲಲ್ಲೋ ತಾರಸಿಯ ಮೇಲೋ ಪುಟ್ಟದೊಂದು ಹವಾಮಾನ ಕೇಂದ್ರವನ್ನು ನಿಲ್ಲಿಸಿ, ಮಳೆ, ಉಷ್ಣಾಂಶ, ತೇವಾಂಶ, ಗಾಳಿಯ ವೇಗ, ವಾಯುಭಾರಗಳನ್ನು ಅಳೆದು, ಆ ಅಂಕಿಗಳನ್ನು ಅಂತರ್ಜಾಲದ ಮೂಲಕ ಲೋಕಕ್ಕೆಲ್ಲ ಹಂಚುವ ಹವ್ಯಾಸ ಇದು. ನೋಡಲು ಹೊಸತು. ಆದರೆ ಇದರ ಹಿಂದೆ ಒಂದು ಉದ್ದನೆಯ ಚರಿತ್ರೆಯಿದೆ. ಆ ಚರಿತ್ರೆಯ ನಡುವೆ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ: ಮಳೆ ಎಲ್ಲರದು, ಆದರೆ ಮಳೆಯ ಲೆಕ್ಕ ಯಾರದು?

ಹದ, ಕೋಡಿ ಮತ್ತು ದ್ರೋಣ

ನಮ್ಮ ರೈತರಿಗೆ ಮಿಲಿಮೀಟರಿನ ಪರಿಚಯವಾಗುವ ಮೊದಲೇ ಮಳೆಯನ್ನು ಅಳೆಯುವ ಕ್ರಮಗಳಿದ್ದವು. ಹಳೆಯ ಮೈಸೂರು ಸೀಮೆಯಲ್ಲಿ 'ಒಂದು ಹದ ಮಳೆ' ಎಂದರೆ ನೇಗಿಲು ಹೂಡಲು ಸಾಕಾಗುವಷ್ಟು ನೆಲ ನೆನೆಯಿತು ಎಂದು ಅರ್ಥ. ಕಾಲದ ಲೆಕ್ಕಕ್ಕೆ ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಮುಂತಾದ ಮಳೆ ನಕ್ಷತ್ರಗಳಿದ್ದವು. ಒಂದೊಂದಕ್ಕೆ ಸುಮಾರು ಹದಿಮೂರು-ಹದಿನಾಲ್ಕು ದಿನ. ವರ್ಷದ ಒಟ್ಟು ಮಳೆ ಹೇಗಾಯಿತು ಎಂಬುದನ್ನು ಕೆರೆ ಹೇಳುತ್ತಿತ್ತು. ತೂಬಿನ ಕಲ್ಲಿನಲ್ಲಿ ನೀರು ಎಲ್ಲಿಯವರೆಗೆ ಏರಿತು, ಕೋಡಿ ಬಿತ್ತೇ ಇಲ್ಲವೇ ಎಂಬುದೇ ಊರಿನ ಪಾಲಿಗೆ ವಾರ್ಷಿಕ ವರದಿ. ನದಿಯಿಲ್ಲದ ಬೆಂಗಳೂರಿನ ಉತ್ತರದ ಊರುಗಳು ಬದುಕಿದ್ದೇ ಈ ಲೆಕ್ಕದ ಮೇಲೆ. ಚಿಕ್ಕಜಾಲದ ಹೆದ್ದಾರಿಯ ಪಕ್ಕದ ಹಳೆಯ ಕೋಟೆಯ ಬಳಿ ಇರುವ ಕಲ್ಯಾಣಿಯ ಕಲ್ಲುಮೆಟ್ಟಿಲುಗಳೂ ಒಂದರ್ಥದಲ್ಲಿ ಅಳತೆಪಟ್ಟಿಯೇ. ನೀರು ಎಷ್ಟು ಮೆಟ್ಟಿಲು ಮುಳುಗಿಸಿತು ಎಂಬುದನ್ನು ಯಾರು ಬೇಕಾದರೂ ಎಣಿಸಬಹುದು.

ಪಾತ್ರೆಯೊಂದನ್ನು ಇಟ್ಟು ಮಳೆಯನ್ನು ಅಳೆಯುವ ಕ್ರಮದ ಅತಿ ಹಳೆಯ ಉಲ್ಲೇಖಗಳಲ್ಲೊಂದು ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ಸಿಗುತ್ತದೆ. ರಾಜ್ಯದ ಉಗ್ರಾಣದಲ್ಲಿ ಒಂದು ಅರತ್ನಿ, ಅಂದರೆ ಸುಮಾರು ಒಂದೂವರೆ ಅಡಿ ಅಗಲದ ಬಾಯುಳ್ಳ ಕುಂಡವನ್ನು ಮಳೆಯ ಅಳತೆಗಾಗಿ ಇಡಬೇಕೆಂದು ಆ ಗ್ರಂಥ ವಿಧಿಸುತ್ತದೆ. ಕೃಷಿಯ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ ಯಾವ ಸೀಮೆಗೆ ಎಷ್ಟು ಮಳೆ ಎಂಬ ಪಟ್ಟಿಯೂ ಬರುತ್ತದೆ. ಒಣನಾಡಿಗೆ 16 ದ್ರೋಣ, ನೀರಿನ ಆಸರೆಯುಳ್ಳ ನಾಡಿಗೆ ಅದರ ಒಂದೂವರೆ ಪಟ್ಟು, ಗೋದಾವರಿ ಸೀಮೆಯ ಅಶ್ಮಕಕ್ಕೆ 13½, ಅವಂತಿಗೆ 23 ದ್ರೋಣ. ಈ ಲೆಕ್ಕಕ್ಕೆ ತಕ್ಕಂತೆ ಹೆಚ್ಚು ನೀರಿನ ಬೆಳೆಯನ್ನೋ ಕಡಿಮೆ ನೀರಿನ ಬೆಳೆಯನ್ನೋ ಬಿತ್ತಬೇಕು.

ಕುಂಡ ಇದ್ದದ್ದು ಉಗ್ರಾಣದಲ್ಲಿ ಎಂಬುದನ್ನು ಗಮನಿಸಬೇಕು. ಮಳೆಯ ಲೆಕ್ಕ ಎಂದರೆ ಧಾನ್ಯದ ಲೆಕ್ಕ, ಧಾನ್ಯದ ಲೆಕ್ಕವೆಂದರೆ ಬೊಕ್ಕಸದ ಲೆಕ್ಕ. ಕೊರಿಯಾ ದೇಶದಲ್ಲಿ ಸೆಜೋಂಗ್ ದೊರೆಯ ಕಾಲದಲ್ಲಿ, 1441-42ರ ಸುಮಾರಿಗೆ, ಒಂದೇ ಅಳತೆಯ ಮಳೆಮಾಪಕಗಳನ್ನು ಪ್ರಾಂತಗಳಿಗೆಲ್ಲ ಕಳುಹಿಸಿದಾಗಲೂ ಅಳೆದವನು ಸರ್ಕಾರದ ನೌಕರನೇ. ಬಹುಕಾಲ ಮಳೆಮಾಪಕವು ದೊರೆಯ ಸಾಧನವಾಗಿತ್ತು.

ಅಂಚೆಯಲ್ಲಿ ಬಂದ ಮಳೆ

ಈ ಸಾಧನವನ್ನು ಸಾಮಾನ್ಯರ ಅಂಗಳಕ್ಕೆ ತಂದವರಲ್ಲಿ ಇಂಗ್ಲೆಂಡಿನ ಜಾರ್ಜ್ ಜೇಮ್ಸ್ ಸೈಮನ್ಸ್ ಮುಖ್ಯರು. 1860ರಲ್ಲಿ ಅವರು 168 ಕಡೆಗಳ ಮಳೆಯ ಅಂಕಿಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಪಾದ್ರಿಗಳು, ವೈದ್ಯರು, ಉಪಾಧ್ಯಾಯರು, ಜಮೀನುದಾರರು ತಮ್ಮ ಮನೆಯ ತೋಟದಲ್ಲಿ ಸ್ವಂತ ಖರ್ಚಿನಲ್ಲಿ ಮಳೆಮಾಪಕ ಇಟ್ಟುಕೊಂಡು, ಲೆಕ್ಕವನ್ನು ಅಂಚೆಯ ಮೂಲಕ ಸೈಮನ್ಸರಿಗೆ ಕಳುಹಿಸುತ್ತಿದ್ದರು. 1900ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅಂಥ ಕೇಂದ್ರಗಳ ಸಂಖ್ಯೆ ಮೂರು ಸಾವಿರವನ್ನು ದಾಟಿತ್ತು. ಇಂದು ಅಂತರ್ಜಾಲ ಮಾಡುತ್ತಿರುವ ಕೆಲಸವನ್ನು ಅಂದು ಅಂಚೆಯ ಚೀಲ ಮಾಡಿತು ಎನ್ನಬಹುದು. ಭಾರತದ ತಾಲ್ಲೂಕು ಕಚೇರಿಗಳ ಅಂಗಳದಲ್ಲಿ ದಶಕಗಳ ಕಾಲ ನಿಂತಿದ್ದ, ಐದಿಂಚು ವ್ಯಾಸದ ಬಾಯಿಯ ಮಳೆಮಾಪಕಕ್ಕೂ ಸೈಮನ್ಸರ ಹೆಸರೇ ಇತ್ತು.

ಸೈಮನ್ಸ್ ಅವರ ಸಾಧನೆ ಸಂಖ್ಯೆಯಲ್ಲಷ್ಟೇ ಇರಲಿಲ್ಲ. ಮಾಪಕದ ಬಾಯಿ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು, ಮರ-ಗೋಡೆಗಳಿಂದ ಎಷ್ಟು ದೂರವಿರಬೇಕು, ಯಾವ ಹೊತ್ತಿಗೆ ಅಳೆಯಬೇಕು ಎಂಬ ನಿಯಮಗಳನ್ನು ಅವರು ಎಲ್ಲರಿಗೂ ಒಂದೇ ರೀತಿ ಮಾಡಿದರು. ನೂರು ಜನ ನೂರು ರೀತಿಯಲ್ಲಿ ಅಳೆದರೆ ಸಿಗುವುದು ಸುದ್ದಿ. ಒಂದೇ ರೀತಿಯಲ್ಲಿ ಅಳೆದರೆ ಮಾತ್ರ ಅದು ದಾಖಲೆ.

ಬರ ಕಲಿಸಿದ ಪಾಠ

ಭಾರತದಲ್ಲಿ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಹೆನ್ರಿ ಬ್ಲಾನ್‌ಫೋರ್ಡ್ ಅದರ ಮೊದಲ ಮುಖ್ಯಸ್ಥರು. 1864ರ ಕಲ್ಕತ್ತೆಯ ಚಂಡಮಾರುತ, 1866ರ ಒಡಿಶಾದ ಕ್ಷಾಮ ಇದಕ್ಕೆ ಹಿನ್ನೆಲೆ. ಇಲಾಖೆ ಹುಟ್ಟಿದ ಮರುವರ್ಷವೇ ಮೈಸೂರು ಸೀಮೆಗೆ ಬಂದೆರಗಿದ್ದು ಧಾತು ವರ್ಷದ ಬರವೆಂದು ಹಿರಿಯರು ನೆನೆಯುತ್ತಿದ್ದ 1876-78ರ ಮಹಾಕ್ಷಾಮ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ. 1881ರಲ್ಲಿ ಅದು ಸುಮಾರು 41.8 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಎಂಟು ಲಕ್ಷಕ್ಕೂ ಮಿಕ್ಕಿ ಕುಗ್ಗಿತ್ತು. ಮಳೆ ಎಲ್ಲಿ ಕೈಕೊಟ್ಟಿದೆ ಎಂಬುದು ವೇಳೆಗೆ ಸರಿಯಾಗಿ ತಿಳಿಯದಿದ್ದರೆ ಪರಿಹಾರವೂ ವೇಳೆಗೆ ತಲುಪದು ಎಂಬುದು ಆ ಕಾಲದ ಆಡಳಿತ ಕಲಿತ ಪಾಠಗಳಲ್ಲೊಂದು.

1890ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ತನ್ನದೇ ಹವಾಮಾನ ವ್ಯವಸ್ಥೆಯನ್ನು ಕಟ್ಟಿಕೊಂಡಿತು. ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳು ತೆರೆದವು. ಅದರ ಹೊಣೆ ಹೊತ್ತವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್. ಕಾಲೇಜು ಮೇಷ್ಟರೊಬ್ಬರು ಸಂಸ್ಥಾನದ ಗಾಳಿ-ಮಳೆಯ ಲೆಕ್ಕಿಗರೂ ಆದರು. ಸಂಸ್ಥಾನದ ಮಳೆಯ ಅಂಕಿಗಳು ಅಂದಿನಿಂದ ವರ್ಷ ವರ್ಷವೂ ಅಚ್ಚಾಗತೊಡಗಿದವು.

ಸರ್ಕಾರದ ಲೆಕ್ಕಕ್ಕೆ ಸಮಾನಾಂತರವಾಗಿ ಇನ್ನೊಂದು ಲೆಕ್ಕವೂ ನಮ್ಮಲ್ಲಿ ಬೆಳೆಯಿತು. ಅದೇ ಬೆಳೆಗಾರರ ದಿನಚರಿ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಮಳೆಮಾಪಕವಿಲ್ಲದ ತೋಟದಮನೆ ಕಡಿಮೆ. ಮೆಟ್ರಿಕ್ ಪದ್ಧತಿ ಬಂದು ದಶಕಗಳು ಕಳೆದರೂ ಅಲ್ಲಿ ಮಳೆಯನ್ನು ಈಗಲೂ 'ಇಂಚು-ಸೆಂಟು'ಗಳಲ್ಲಿ ಹೇಳುವುದೇ ವಾಡಿಕೆ. ಇಂಚಿನ ನೂರನೆಯ ಒಂದು ಭಾಗ ಒಂದು ಸೆಂಟು. ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಎಷ್ಟು ಸೆಂಟು ಬಿತ್ತು ಎಂಬುದರ ಮೇಲೆ ವರ್ಷದ ಫಸಲು ನಿಂತಿರುವಾಗ ಪಕ್ಕದ ತೋಟದ ಲೆಕ್ಕ ಇವರಿಗೆ ಆಗದು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಅಡಿಕೆ ಬೆಳೆಗಾರರಲ್ಲಿಯೂ ಇದೇ ಪರಿಪಾಠವಿದೆ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸಲು ಮಳೆ ಬಿಡುವು ಕೊಡುವ ದಿನವನ್ನು ಹಿಡಿಯಬೇಕು. ಅದಕ್ಕಾಗಿ ಹಳೆಯ ವರ್ಷಗಳ ಲೆಕ್ಕ ಕೈಯಲ್ಲಿರಬೇಕು. ಅಂಗಳದ ಮಾಪಕದಲ್ಲಿ ದಿನವೂ ಬೆಳಿಗ್ಗೆ ನೋಡಿ ನೋಟುಬುಕ್ಕಿನಲ್ಲಿ ಬರೆದಿಡುವ ಕೆಲಸವನ್ನು ದಶಕಗಳಿಂದ ಮಾಡುತ್ತ ಬಂದವರು ಅಲ್ಲಿದ್ದಾರೆ. ಈಗ ಆ ಅಂಕಿಗಳು ನೋಟುಬುಕ್ಕಿನಿಂದ ವಾಟ್ಸಾಪ್ ಗುಂಪುಗಳಿಗೆ ಹರಿದಿವೆ. ಬೆಳಗಿನ ಕಾಫಿ ಮುಗಿಯುವ ಹೊತ್ತಿಗೆ ಊರೂರಿನ ಮಳೆ ಒಂದೇ ಪಟ್ಟಿಯಲ್ಲಿ ಸಿಗುತ್ತದೆ.

ಯಲಹಂಕದ ಕೇಂದ್ರ, ಅಣ್ಣಾ ಮಣಿಯವರ ಕೊಡುಗೆ

ಅಳೆಯುವ ಉಪಕರಣವೇ ಸರಿಯಿಲ್ಲದಿದ್ದರೆ ಇಷ್ಟೆಲ್ಲ ಶ್ರಮ ವ್ಯರ್ಥ. ಸ್ವಾತಂತ್ರ್ಯ ಬಂದಾಗ ಭಾರತ ಸಣ್ಣಪುಟ್ಟ ಹವಾಮಾನ ಉಪಕರಣಗಳನ್ನೂ ವಿದೇಶಗಳಿಂದ ತರಿಸಿಕೊಳ್ಳುತ್ತಿತ್ತು. ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಅಣ್ಣಾ ಮಣಿಯವರ ಹೆಸರು ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸಿ, ಇಂಗ್ಲೆಂಡಿನಲ್ಲಿ ಹವಾಮಾನ ಉಪಕರಣಗಳ ಬಗ್ಗೆ ಕಲಿತು, 1948ರಲ್ಲಿ ಅವರು ಹವಾಮಾನ ಇಲಾಖೆ ಸೇರಿದರು. ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಪ್ರಮಾಣಬದ್ಧಗೊಳಿಸಿ ದೇಶದಲ್ಲೇ ತಯಾರಾಗುವಂತೆ ಮಾಡಿದರು. 1976ರಲ್ಲಿ ನಿವೃತ್ತರಾದ ಬಳಿಕ ಬೆಂಗಳೂರಿಗೆ ಮರಳಿ, ಗಾಳಿಯ ವೇಗ ಮತ್ತು ಸೌರಶಕ್ತಿಯನ್ನು ಅಳೆಯುವ ಉಪಕರಣಗಳನ್ನು ತಯಾರಿಸುವ ಪುಟ್ಟ ಕಾರ್ಯಾಗಾರವನ್ನೂ ನಡೆಸಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ನಿಲುವಾಗಿತ್ತು. ಹಿತ್ತಿಲಲ್ಲಿ ಕೇಂದ್ರ ಇಡುವವರು ಮೊದಲು ಕಲಿಯಬೇಕಾದ ಪಾಠವೂ ಇದೇ.

ಅಳತೆಯನ್ನು ಹಳ್ಳಿಯ ಮಟ್ಟಕ್ಕೆ ಒಯ್ಯುವ ಕೆಲಸದಲ್ಲಿ ಕರ್ನಾಟಕ ದೇಶಕ್ಕೇ ಮೇಲ್ಪಂಕ್ತಿ ಹಾಕಿತು. 1980ರ ದಶಕದ ಬರಗಳ ಬೆನ್ನಲ್ಲೇ, 1988ರಲ್ಲಿ ರಾಜ್ಯ ಸರ್ಕಾರ ಬರದ ಮೇಲೆ ನಿಗಾ ಇಡಲೆಂದೇ ಒಂದು ಪ್ರತ್ಯೇಕ ಕೋಶವನ್ನು ಸ್ಥಾಪಿಸಿತು. ಅದೇ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಅದರ ಕಚೇರಿ ಇರುವುದು ಯಲಹಂಕದಲ್ಲಿ, ಚಿಕ್ಕಜಾಲಕ್ಕೆ ಕೂಗಳತೆಯಲ್ಲಿ ಎನ್ನುವಷ್ಟು ಹತ್ತಿರ. ಒಂದೊಂದು ಗ್ರಾಮ ಪಂಚಾಯಿತಿಗೂ ಒಂದು ಮಳೆಮಾಪಕ ಎಂಬ ಗುರಿಯಿಂದ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಾಪಕಗಳನ್ನು ಅದು ಸ್ಥಾಪಿಸಿದೆ. ಸೂರ್ಯನ ಬಿಸಿಲಿನಿಂದಲೇ ವಿದ್ಯುತ್ ಪಡೆಯುವ ಇವು ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಅಂಕಿಗಳನ್ನು ಯಲಹಂಕಕ್ಕೆ ರವಾನಿಸುವಂತೆ ರಚಿತವಾಗಿವೆ. ರೈತರು ದೂರವಾಣಿಯ ಮೂಲಕ ತಮ್ಮ ಊರಿನ ಮಳೆಯ ಮಾಹಿತಿ ಕೇಳಿ ಪಡೆಯುವ 'ವರುಣ ಮಿತ್ರ' ಸೇವೆಯೂ ಈ ಕೇಂದ್ರದ್ದೇ.

ಹಿತ್ತಿಲಿನ ಯಂತ್ರ

ಹೀಗಿರುವಾಗ ಮನೆಯಲ್ಲಿ ಇನ್ನೊಂದು ಕೇಂದ್ರ ಯಾಕೆ ಎಂದು ಕೇಳಬಹುದು. ಉತ್ತರ ಮಳೆಯ ಸ್ವಭಾವದಲ್ಲೇ ಇದೆ. ಬೆಂಗಳೂರು ನಗರದ ಅಧಿಕೃತ ದಾಖಲೆಯ ಪ್ರಕಾರ 1997ರ ಅಕ್ಟೋಬರ್ 1ರಂದು ಬಿದ್ದ ಮಳೆ 178.9 ಮಿ.ಮೀ. 2022ರಲ್ಲಿ ಇಡೀ ವರ್ಷದ ಮಳೆ 1,700 ಮಿ.ಮೀ. ದಾಟಿ ದಾಖಲೆಯಾಯಿತು. ಆದರೆ ಇವು ಒಂದು ಜಾಗದ ಅಂಕಿಗಳು. 2021ರ ನವೆಂಬರ್‌ನಲ್ಲಿ ಮತ್ತು 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಸುತ್ತ ರಾತ್ರಿ ಸುರಿದ ಮಳೆಗೆ ಕೆರೆಯ ನೀರು ಉಕ್ಕಿ ಬಂದು ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾಯಿತು. ನಿವಾಸಿಗಳನ್ನು ದೋಣಿಯಲ್ಲಿ ಹೊರತರಬೇಕಾಯಿತು. ಇಂಥ ರಾತ್ರಿ ಬೇಕಾದುದು ನಗರದ ಸರಾಸರಿಯಲ್ಲ. ಮೇಲಿನ ಕೆರೆಯ ಜಲಾನಯನ ಪ್ರದೇಶದಲ್ಲಿ ಕಳೆದ ಅರ್ಧ ಗಂಟೆಯಲ್ಲಿ ಎಷ್ಟು ಬಿತ್ತು ಎಂಬ ಲೆಕ್ಕ.

ಹಿತ್ತಿಲಿನ ಕೇಂದ್ರದ ಮಳೆಮಾಪಕದೊಳಗೆ ಸಾಮಾನ್ಯವಾಗಿ ತಕ್ಕಡಿಯಂತೆ ಆಡುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ಮಗುಚಿಕೊಂಡು ಇನ್ನೊಂದು ಮೇಲೆ ಬರುತ್ತದೆ. ಒಂದು ಸಲ ಮಗುಚಿದರೆ 0.2 ಮಿ.ಮೀ. ಅಥವಾ ಅದಕ್ಕೆ ಹತ್ತಿರದ ಮಳೆ ಎಂದು ಲೆಕ್ಕ. ಹದಿನೇಳನೆಯ ಶತಮಾನದಲ್ಲಿ ಲಂಡನ್ನಿನ ಕ್ರಿಸ್ಟೋಫರ್ ರೆನ್ ಅವರಿಗೆ ಹೊಳೆದ ಉಪಾಯ ಇದು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಈ ಲೆಕ್ಕದಲ್ಲಿ 30-40 ಅಡಿ ನಿವೇಶನದ ಮೇಲೆ 1 ಮಿ.ಮೀ. ಬಿದ್ದರೂ ಸುಮಾರು 110 ಲೀಟರ್, ಒಂದು ಎಕರೆಯ ಮೇಲೆ 100 ಮಿ.ಮೀ. ಸುರಿದರೆ ನಾಲ್ಕು ಲಕ್ಷ ಲೀಟರ್. ಮಳೆನೀರು ಸಂಗ್ರಹದ ತೊಟ್ಟಿ ಎಷ್ಟು ದೊಡ್ಡದಿರಬೇಕು, ಚರಂಡಿ ಎಷ್ಟು ಅಗಲವಿರಬೇಕು ಎಂಬುದಕ್ಕೆ ಈ ಲೆಕ್ಕವೇ ಆಧಾರ.

ಆದರೆ ಯಂತ್ರವೂ ತಪ್ಪುತ್ತದೆ. ಬಿರುಸಾದ ಮಳೆಯಲ್ಲಿ ಬಟ್ಟಲು ಮಗುಚುವಷ್ಟರಲ್ಲಿ ನೀರು ಚೆಲ್ಲಿ ಲೆಕ್ಕ ಕಡಿಮೆ ತೋರುತ್ತದೆ. ಎಲೆ, ಧೂಳು, ಇರುವೆಗೂಡು ಅಥವಾ ಜೇಡರ ಬಲೆ ಕಟ್ಟಿಕೊಂಡರೆ ಜಡಿಮಳೆಯಲ್ಲೂ ಸೊನ್ನೆ ಬರಬಹುದು. ತಾರಸಿಯ ಕಾಂಕ್ರೀಟಿನ ಕಾವಿಗೆ ಉಷ್ಣಾಂಶ ಏರುತ್ತದೆ. ಅದಕ್ಕಾಗಿಯೇ ವೀಕ್ಷಣಾಲಯಗಳಲ್ಲಿ ಉಷ್ಣಮಾಪಕವನ್ನು ಹುಲ್ಲುನೆಲದ ಮೇಲೆ, ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿಯ ಮರದ ಪೆಟ್ಟಿಗೆಯೊಳಗೆ ಇಡುತ್ತಾರೆ. ಮಳೆಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿದ್ದು, ಹತ್ತಿರದ ಮರ ಅಥವಾ ಕಟ್ಟಡದಿಂದ ಅದರ ಎತ್ತರದ ಎರಡರಷ್ಟು ದೂರವಿರಬೇಕು. ವಾಯುಭಾರದ್ದು ಇನ್ನೊಂದು ತೊಡಕು. ಚಿಕ್ಕಜಾಲದ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುಭಾರ ಸಹಜವಾಗಿಯೇ 910 ಮಿಲಿಬಾರ್ ಆಸುಪಾಸಿನಲ್ಲಿರುತ್ತದೆ. ಇದನ್ನು ಸಮುದ್ರಮಟ್ಟಕ್ಕೆ ಸರಿಹೊಂದಿಸದೆ ಹಂಚಿದರೆ, ನೋಡಿದವರಿಗೆ ಬಳ್ಳಾರಿ ರಸ್ತೆಯ ಮೇಲೆ ಮಹಾ ಚಂಡಮಾರುತವೇ ಕುಳಿತಂತೆ ಕಾಣುತ್ತದೆ!

ಹಂಚಿಕೆಯ ಬಲ, ಹಂಚಿಕೆಯ ಮಿತಿ

ಇಷ್ಟು ಕುಂದುಗಳಿದ್ದರೂ ಹವ್ಯಾಸಿಗಳ ಅಂಕಿಗಳಿಗೆ ಬೆಲೆ ಬಂದದ್ದು ಹೇಗೆ? ಒಂದು ದುರಂತ ಇದಕ್ಕೆ ಒಳ್ಳೆಯ ನಿದರ್ಶನ. 1997ರ ಜುಲೈ 28ರಂದು ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ಪಟ್ಟಣದಲ್ಲಿ ದಿಢೀರ್ ಪ್ರವಾಹ ಬಂದು ಐದು ಮಂದಿ ಸತ್ತರು. ಪಟ್ಟಣದ ಒಂದು ಪಕ್ಕದಲ್ಲಿ ಒಂದು ಅಡಿಗೂ ಮಿಕ್ಕಿ ಮಳೆ ಸುರಿದಿದ್ದರೆ, ಕೆಲವೇ ಮೈಲಿ ಆಚೆ ಎರಡು ಇಂಚೂ ಬಿದ್ದಿರಲಿಲ್ಲ. ಆ ಅನುಭವದಿಂದ 1998ರಲ್ಲಿ ಅಲ್ಲಿ ಮಳೆ ಅಳೆಯುವ ಸ್ವಯಂಸೇವಕರ ಜಾಲವೊಂದು ಹುಟ್ಟಿ, ಮುಂದೆ ದೇಶದುದ್ದಕ್ಕೂ ಹಬ್ಬಿತು. ಬ್ರಿಟನ್ನಿನ ಹವಾಮಾನ ಇಲಾಖೆ 2011ರಲ್ಲಿ ಹವ್ಯಾಸಿಗಳ ಅಂಕಿಗಳಿಗೆಂದೇ ಅಂತರ್ಜಾಲ ತಾಣ ತೆರೆಯಿತು. ನಾರ್ವೆಯ ಹವಾಮಾನ ಸಂಸ್ಥೆ 2018ರಿಂದ ಮನೆಮನೆಯ ಉಷ್ಣಾಂಶವನ್ನು ತನ್ನ ಮುನ್ಸೂಚನೆಯಲ್ಲೇ ಬಳಸತೊಡಗಿತು. ಒಂದು ಕೇಂದ್ರದ ಅಂಕಿಯನ್ನು ಅದರ ನೆರೆಹೊರೆಯ ಹತ್ತಾರು ಕೇಂದ್ರಗಳ ಅಂಕಿಗಳ ಜೊತೆ ಹೋಲಿಸಿ, ಹೊಂದದ್ದನ್ನು ಕೈಬಿಡುವುದು ಅವರ ಕ್ರಮ. ಒಬ್ಬನ ತಪ್ಪನ್ನು ನೆರೆಯವರ ಲೆಕ್ಕ ತಿದ್ದುತ್ತದೆ. ಭಾರತದಲ್ಲಿಯೂ 2024ರಲ್ಲಿ ಆಹಾರ ಪೂರೈಕೆಯ ಕಂಪನಿ ಜೊಮ್ಯಾಟೊ, ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿ ನೂರಾರು ಕೇಂದ್ರಗಳನ್ನು ನಿಲ್ಲಿಸಿ ಅಂಕಿಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. ಕೌಟಿಲ್ಯನ ಕಾಲದಲ್ಲಿ ಉಗ್ರಾಣದ ಅಧಿಕಾರಿಗೆ ಬೇಕಾಗಿದ್ದ ಮಳೆಯ ಲೆಕ್ಕ ಈಗ ಊಟ ಹೊತ್ತು ತರುವ ಹುಡುಗನಿಗೂ ಬೇಕಾಗಿದೆ.

ಲೆಕ್ಕದ ಒಡೆತನದ ಪ್ರಶ್ನೆ ತೀಕ್ಷ್ಣವಾಗುವುದು ಹಣದ ಮಾತು ಬಂದಾಗ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಕಾಳುಮೆಣಸು ಬೆಳೆಗಾರರಿಗೆ ಪರಿಹಾರ ನಿಗದಿಯಾಗುವುದು ಪಂಚಾಯಿತಿಯ ಮಳೆಮಾಪಕದ ಅಂಕಿಯ ಮೇಲೆ. ಮಾಪಕ ಕೆಟ್ಟು ನಿಂತಿದ್ದರಿಂದ ನ್ಯಾಯವಾದ ಪರಿಹಾರ ಕೈತಪ್ಪಿತು ಎಂಬ ದೂರು ಮಲೆನಾಡು, ಕರಾವಳಿಗಳಲ್ಲಿ ಕೇಳಿಬಂದಿದೆ. ರೈತನ ನೋಟುಬುಕ್ಕಿಗೆ ವಿಮೆಯ ಕಡತದಲ್ಲಿ ಸ್ಥಾನವಿಲ್ಲ. ಇರಬೇಕೇ ಎಂದರೆ ಉತ್ತರ ಸುಲಭವಲ್ಲ. ಪರಿಹಾರ ಪಡೆಯುವವನೇ ಅಳತೆಗಾರನೂ ಆದರೆ ಲೆಕ್ಕದ ಮೇಲೆ ನಂಬಿಕೆ ಉಳಿಯದು. ಹಾಗೆಂದು ಸರ್ಕಾರದ ಯಂತ್ರ ಕೆಟ್ಟಿದೆಯೆಂದು ತೋರಿಸಲು ಬೇರೆ ಲೆಕ್ಕವೇ ಇಲ್ಲದಿದ್ದರೆ ರೈತನ ಮಾತು ಬರಿಯ ಗೋಳಾಗಿ ಉಳಿಯುತ್ತದೆ. ಒಂದೇ ಪಂಚಾಯಿತಿಯ ಹತ್ತು ಅಂಗಳಗಳ ಲೆಕ್ಕ ಒಂದನ್ನೊಂದು ಹೋಲುತ್ತಿದ್ದು, ಪಂಚಾಯಿತಿ ಮಾಪಕವೊಂದೇ ಸೊನ್ನೆ ತೋರಿಸಿದರೆ, ಅದನ್ನು ಪರೀಕ್ಷಿಸಿ ಎಂದು ಕೇಳುವ ಹಕ್ಕಿಗಾದರೂ ಬಲ ಬರುತ್ತದೆ. ಹಿತ್ತಿಲಿನ ಕೇಂದ್ರ ಅಧಿಕೃತ ಲೆಕ್ಕಕ್ಕೆ ಬದಲಿಯಲ್ಲ, ಸಾಕ್ಷಿ.

ಎಚ್ಚರಿಕೆಯ ಮಾತೂ ಇದೆ. ಅಂತರ್ಜಾಲಕ್ಕೆ ಹೋದ ಅಂಕಿ ಯಾವುದೋ ಕಂಪನಿಯ ಗಣಕದಲ್ಲಿರುತ್ತದೆ. ಕಂಪನಿ ಬಾಗಿಲು ಹಾಕಿದರೆ ಹತ್ತು ವರ್ಷದ ಮಳೆಯೂ ಅದರೊಂದಿಗೆ ಹೋಗಬಹುದು. ಒಂದು ಊರಿನ ಹವಾಗುಣ ಹೀಗೆ ಎಂದು ಹೇಳಲು ಹವಾಮಾನ ಶಾಸ್ತ್ರ ಕೇಳುವುದು ಮೂವತ್ತು ವರ್ಷಗಳ ದಾಖಲೆಯನ್ನು. ಯಂತ್ರ ಅಷ್ಟು ಕಾಲ ಬಾಳದು, ನೋಟುಬುಕ್ಕು ಬಾಳುತ್ತದೆ. ಕೆಲವು ನೂರು ರೂಪಾಯಿಯ ಸಾದಾ ಮಾಪಕವನ್ನು ಪಕ್ಕದಲ್ಲೇ ಇಟ್ಟು, ಇಲಾಖೆಯ ಪದ್ಧತಿಯಂತೆ ದಿನವೂ ಬೆಳಿಗ್ಗೆ 8.30ಕ್ಕೆ ಅಳೆದು, ಮಳೆಯಿಲ್ಲದ ದಿನ ಸೊನ್ನೆಯನ್ನೂ ತಪ್ಪದೆ ಬರೆದಿಟ್ಟರೆ ಯಂತ್ರದ ತಪ್ಪೂ ಗೊತ್ತಾಗುತ್ತದೆ, ದಾಖಲೆಯೂ ಉಳಿಯುತ್ತದೆ. ಬರೆಯದೆ ಬಿಟ್ಟ ದಿನಕ್ಕೂ ಮಳೆಯಿಲ್ಲದ ದಿನಕ್ಕೂ ವ್ಯತ್ಯಾಸ ತಿಳಿಯುವುದು ಆ ಸೊನ್ನೆಯಿಂದಲೇ.

2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಚಿಕ್ಕಜಾಲದ ಸುತ್ತಿನ ನೆಲ ವೇಗವಾಗಿ ಬದಲಾಗಿದೆ. ರಾಗಿ ಹೊಲ, ದ್ರಾಕ್ಷಿ ತೋಟಗಳ ಜಾಗದಲ್ಲಿ ಬಡಾವಣೆಗಳು ಎದ್ದಿವೆ. ನೀರು ಇಂಗುತ್ತಿದ್ದ ಕಡೆ ಈಗ ಹರಿದು ಹೋಗುತ್ತದೆ. ಈ ಬದಲಾವಣೆಯಿಂದ ಬೇಸಿಗೆಯ ರಾತ್ರಿ ಎಷ್ಟು ಬಿಸಿಯಾಯಿತು, ಒಂದು ಗಂಟೆಯ ಮಳೆಗೆ ಕಾಲುವೆ ಯಾವಾಗ ಉಕ್ಕುತ್ತದೆ ಎಂಬುದನ್ನು ಅರಮನೆ ರಸ್ತೆಯ ದಾಖಲೆ ಹೇಳಲಾರದು. ಅದನ್ನು ಅಲ್ಲಿಯೇ ಅಳೆಯಬೇಕು, ಅಲ್ಲಿಯವರೇ ಬರೆದಿಡಬೇಕು. ಮೂವತ್ತು ವರ್ಷದ ದಾಖಲೆ ಬೇಕೆಂದರೆ ಅದರ ಮೊದಲ ಸಾಲನ್ನು ಇಂದೇ ಬರೆಯಬೇಕಾಗುತ್ತದೆ.